ಮುಸುಕಪ್ಪನ ಗಂಟಲು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಡ. ತಲೆಯಾಡಿಸು ಸಾಕು, ಅತ್ತಿಗೆ ನೋಡಿಕೊಂಡು ನನಗೆ ಫೋನಿನಲ್ಲಿ ಹೇಳುತ್ತಾರೆ. ಪಿಸುಗುಟ್ಟಿದರೂ ಗಂಟಲಿಗೆ ಏಟು ಅಂತ ಡಾಕ್ಟರು ಹೇಳಿದ ಮೇಲೂ ನೀನು ಸ್ನಾನದ ಮನೆಯಲ್ಲಿ ಗುನುಗುತ್ತಿದ್ದೆಯಂತೆ. ಕೇಳಿದರೆ ಅದು ನಲ್ಲಿಯ ಸದ್ದು ಅಂತ ಚೀಟಿಯಲ್ಲಿ ಬರೆದು ತೋರಿಸಿದೆಯಂತೆ. ಅದಕ್ಕೇ ಅತ್ತಿಗೆ ನಿನ್ನ ಫೋನು ಕಿತ್ತಿಟ್ಟುಕೊಂಡಿರುವುದು, ಅದಕ್ಕೇ ನಾನು ಈ ಕಾಲದಲ್ಲೂ ಪೆನ್ನು ಹಿಡಿದು ಕೂತಿರುವುದು. ಬಿಸಿನೀರು ಕುಡಿಯುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ನನಗಂತೂ ಬರುತ್ತಿಲ್ಲ. ಗಂಟಲಿನ ಗಂಟನ್ನು ಈ ವಾರವೇ ತೆಗೆಯಬೇಕು, ತಡ ಮಾಡಿದರೆ ದನಿಯ ಮಾತು ಹಾಗಿರಲಿ ಜೀವಕ್ಕೇ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದರೂ ನೀನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಿಲ್ಲ ಅಂತ ಭಾನುವಾರ ಅತ್ತಿಗೆ ಫೋನಿನಲ್ಲಿ ಅತ್ತರು. ಆಗಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ. ‘ಮೂರನೆಯ ಸಿನಿಮಾದ ಡಬ್ಬಿಂಗ್ ಮುಗಿಸಿ ಬರ್ತೀನಿ. ಬೇರೆಯವನು ಆ ಮುಸುಕಿನೊಳಗೆ ಕೂತರೆ ನಾನು ಇದ್ದೂ ಇಲ್ಲದ ಹಾಗೆ’ ಎಂದು ಬರೆದು ಕೊಟ್ಟೆಯಂತಲ್ಲ, ಆ ಚೀಟಿಯನ್ನು ಅತ್ತಿಗೆ ನನಗೆ ಓದಿ ಹೇಳಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಅಂತ ಗೊತ್ತಾಗಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಬೈಯುತ್ತಿದ್ದಾಳೆ. ಮೊಣಕಾಲು ನೋವು ಹಾಗೇ ಇದೆ. ಮಧ್ಯಾಹ್ನ ಊಟವಾದ ಮೇಲೆ ಟೀವಿಯಲ್ಲಿ ನೀನು ಆ ಮುಸುಕಿನ ವೀರನಿಗೆ ದನಿ ಕೊಟ್ಟ ಎರಡನೆಯ ಸಿನಿಮಾ ಹಾಕಿಸಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಾಳೆ. ನೋಡುವುದಿಲ್ಲ, ಕೇಳುತ್ತಾಳೆ. ಕಟ್ಟಡಗಳು ಉರುಳಲಿ, ಭೂಮಿ ಬಿರಿಯಲಿ, ಅವಳಿಗೆ ಲೆಕ್ಕಕ್ಕಿಲ್ಲ. ನಿನ್ನ ದನಿ ಬಂದಾಗ ಮಾತ್ರ ಒಂದು ಕಣ್ಣು ತೆರೆದು ‘ನಮ್ಮ ಮುಸುಕಪ್ಪ ಇವತ್ತು ಚೆನ್ನಾಗಿ ಮಾತಾಡ್ತಾ ಇದ್ದಾನೆ’ ಅನ್ನುತ್ತಾಳೆ, ಪ್ರತಿದಿನ ಬೇರೆ ಬೇರೆಯಾಗಿ ಮಾತಾಡುತ್ತಿದ್ದೀಯೇನೋ ಅನ್ನುವ ಹಾಗೆ. ಇಂದು ಬೆಳಿಗ್ಗೆ ಮಾತ್ರ ಕೈಯಲ್ಲಿ ಲೋಟ ಹಿಡಿದುಕೊಂಡು ನಿಂತು, ‘ಕೊಯ್ದ ಮೇಲೆ ಅವನ ದನಿ ಬೇರೆ ಥರ ಬಂದ್ರೆ ನಂಗೆ ಗುರುತು ಸಿಗುತ್ತಾ?’ ಅಂದಳು. ನಾನು ಅವಳ ಕೈಯಿಂದ ಲೋಟ ಇಸಿದುಕೊಂಡು ತೊಳೆದಿಟ್ಟೆ.

ಈಗ ನಮ್ಮ ಡಬ್ಬಿಂಗ್ ಸ್ಟುಡಿಯೋದ ಸುದ್ದಿ. ಸಿನಿಮಾ ತಯಾರಿಸುವ ಕಂಪನಿಯಿಂದ ಒಬ್ಬರು ಬಂದಿದ್ದರು. ಒಂದೇ ದಿನ, ಒಂದೇ ಸಿನಿಮಾ, ಲೋಕದ ಎಲ್ಲ ಕಡೆ ಬಿಡುಗಡೆ ಮಾಡಿದರೂ ಒಂದು ಕಡೆ ಟಿಕೆಟ್ ಸಿಗುವುದಿಲ್ಲ, ಇನ್ನೊಂದು ಕಡೆ ಕುರ್ಚಿಗಳು ನೊಣ ಹೊಡೆಯುತ್ತಿರುತ್ತವೆ, ಯಾಕೆ ಎಂದು ಪತ್ತೆ ಹಚ್ಚುವುದೇ ಅವರ ಕೆಲಸ. ಹೋದಲ್ಲೆಲ್ಲ ಬಣ್ಣ ಬಳಿದ ಒಂದು ಭೂಪಟ ಒಯ್ಯುತ್ತಾರೆ. ಅವರು ಬಂದ ಗಳಿಗೆಯಲ್ಲೇ ರೆಕಾರ್ಡಿಂಗ್ ಮಾಡುವ ನಮ್ಮ ಗುಂಡಿಯಣ್ಣ ಅವರಿಗೆ ನಕ್ಷೆರಾಯ ಎಂದು ಹೆಸರಿಟ್ಟ. ಭೂಪಟದಲ್ಲಿ ಹಣ ಬಂದ ಜಾಗಕ್ಕೆ ಕೆಂಪು, ಬಾರದ ಜಾಗಕ್ಕೆ ಬೂದಿ ಬಣ್ಣ. ಮುಸುಕಪ್ಪನ ಎರಡೂ ಸಿನಿಮಾಗಳಿಗೆ ಸುತ್ತಮುತ್ತ ಪೂರ್ತಿ ಬೂದಿ, ನಾವಿರುವ ಕಡೆ ಮಾತ್ರ ಟೊಮೆಟೊ ಕೆಂಪು. ಅದು ಅವರಿಗೆ ಕಣ್ಣಿಗೆ ಬಿದ್ದ ಕಸದ ಹಾಗೆ ಕಾಡುತ್ತಿತ್ತಂತೆ.

ಅವರಿಗೆ ತಿಳಿವಳಿಕೆ ಇಲ್ಲ ಅನ್ನಲಾರೆ, ಚೆನ್ನಾಗಿಯೇ ಹೇಳಿದರು. ಕೆಲವು ಕಡೆ ಜನ ಇಂಥ ನಾಯಕರ ಚಿತ್ರಪುಸ್ತಕ ಓದಿಕೊಂಡೇ ಬೆಳೆದಿರುತ್ತಾರೆ, ಅವರಿಗೆ ಸಿನಿಮಾ ಎಂದರೆ ಹಳೆಯ ಗೆಳೆಯನ ಮನೆಗೆ ಹೋದ ಹಾಗೆ. ಕೆಲವು ಕಡೆ ಹಾರುವ, ಬೆಟ್ಟ ಎತ್ತುವ ವೀರರು ತಮ್ಮ ಕಥೆಗಳಲ್ಲೇ ಬೇಕಾದಷ್ಟಿದ್ದಾರೆ, ಹೊರಗಿನವನು ಹಾರಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಒಂದು ಕಡೆ ಮನೆಮಂದಿಯೆಲ್ಲ ಒಟ್ಟಿಗೆ ಬರುತ್ತಾರೆ, ನಗು ಬೇಕು, ಅಳು ಬೇಕು. ಇನ್ನೊಂದು ಕಡೆ ಒಬ್ಬೊಬ್ಬರೇ ಬರುತ್ತಾರೆ, ಅವರಿಗೆ ಕತ್ತಲೆ ಮತ್ತು ಹೊಡೆದಾಟ ಸಾಕು. ಮಕ್ಕಳ ಪರೀಕ್ಷೆಯ ಹೊತ್ತಿಗೆ ಬಿಡುಗಡೆ ಮಾಡಿದರೆ ದೇವರು ಬಂದರೂ ಕುರ್ಚಿ ತುಂಬುವುದಿಲ್ಲ. ತಮ್ಮ ಊರನ್ನೇ ಪರದೆಯ ಮೇಲೆ ಪುಡಿಪುಡಿ ಮಾಡಿ ತೋರಿಸಿದರೆ ಆ ಊರಿನವರು ಯಾಕೆ ಬಂದಾರು? ಇದೆಲ್ಲ ಕೇಳಿ ನಾನು ತಲೆಯಾಡಿಸುತ್ತಾ ಕೂತಿದ್ದೆ. ಕೊನೆಗೆ ಅವರು, ‘ಈ ಯಾವ ಕಾರಣವೂ ನಿಮ್ಮ ಕೆಂಪಿಗೆ ಹೊಂದ್ತಾ ಇಲ್ಲ. ನೀವು ಡಬ್ಬಿಂಗ್‌ನಲ್ಲಿ ಏನಾದರೂ ಬದಲಾಯಿಸಿದ್ದೀರಾ?’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಮಗೂ ಹಾಗೇ ಆಯಿತು. ನಾನು ಗುಂಡಿಯಣ್ಣನ ಮುಖ ನೋಡಿದೆ, ಅವನು ಪಂಖ ನೋಡಿದ.

ಏನು ಮಾಡಿದ್ದೇವೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬರೆಯುತ್ತೇನೆ, ಓದಿ ನಗು, ಸದ್ದಿಲ್ಲದೆ. ಮೂಲದಲ್ಲಿ ಮುಸುಕಪ್ಪ ಮಹಾ ಮೌನಿ. ಎತ್ತರದ ಕಟ್ಟಡದ ತುದಿಯಲ್ಲಿ ಗಾಳಿಗೆ ಮೇಲಂಗಿ ಹಾರಿಸಿಕೊಂಡು ನಿಂತನೆಂದರೆ ನಿಂತೇ ನಿಂತ. ಮೊದಲ ಸಿನಿಮಾದಲ್ಲಿ ಆ ನಿಲುವು ಮುಗಿಯುವುದನ್ನು ಕಾದು ಕಾದು ಬೇಸತ್ತು ನೀನು ಮೈಕು ಚಾಲೂ ಇರುವುದು ಮರೆತು, ‘ಗಾಳಿ ಜೋರಾಗಿದೆ. ಹೊರಡುವಾಗ ತಂಗಿ ಹೇಳಿದ್ಲು, ಸ್ವೆಟರ್ ಹಾಕ್ಕೋ ಅಂತ’ ಅಂದುಬಿಟ್ಟೆ. ಗಾಜಿನ ಆಚೆ ಗುಂಡಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಸುಕು ಬಾಯಿ ಮುಚ್ಚಿರುವುದರಿಂದ ತುಟಿ ಕಾಣುವುದಿಲ್ಲ, ತುಟಿ ಕಾಣದಿದ್ದರೆ ಅದರ ಚಲನೆಗೆ ಮಾತು ಹೊಂದಿಸುವ ತಂಟೆಯೂ ಇಲ್ಲ. ಇರಲಿ ಬಿಡು ಎಂದು ಉಳಿಸಿಕೊಂಡೆವು. ಆಮೇಲೆ ನನಗೂ ರುಚಿ ಹತ್ತಿತು. ಎಲ್ಲಿ ಮೌನವೋ ಅಲ್ಲಿ ನಾನು ಬರೆದೆ, ನೀನು ಹೇಳಿದೆ. ಕಳ್ಳನ ಕೊರಳಪಟ್ಟಿ ಹಿಡಿದಾಗ ‘ನಿಮ್ಮಮ್ಮನಿಗೆ ಗೊತ್ತಾ ನೀನು ಇಲ್ಲಿರೋದು?’ ಅನ್ನುವುದು, ಬಸ್ಸನ್ನು ತಲೆಯ ಮೇಲೆ ಎತ್ತಿದಾಗ ‘ಕಿಟಕಿಯಿಂದ ಕೈ ಹೊರಗೆ ಹಾಕಬೇಡಿ’ ಅನ್ನುವುದು. ಲೋಕದ ಉಳಿದ ಕಡೆ ಸಿನಿಮಾದುದ್ದಕ್ಕೂ ಒಬ್ಬ ಕಲ್ಲಿನ ಮನುಷ್ಯ ನಡೆದಾಡಿದ, ಇಲ್ಲಿ ಮಾತ್ರ ಪ್ರತಿ ಮನೆಗೂ ಒಬ್ಬ ದೊಡ್ಡಣ್ಣ ಸಿಕ್ಕಿದ. ನಮ್ಮ ಬೀದಿಯ ಮಕ್ಕಳು ಈಗಲೂ ಸ್ವೆಟರಿನ ಮಾತು ಹೇಳಿಕೊಂಡೇ ಗೋಡೆ ಹತ್ತುತ್ತವೆ.

ನಾವು ಬಾಯಿ ಬಿಡುವ ಮುಂಚೆಯೇ ನಕ್ಷೆರಾಯರು ನಮ್ಮ ಸಿನಿಮಾವನ್ನು ತಿರುಗಿ ಮೂಲಭಾಷೆಗೆ ಅನುವಾದ ಮಾಡಿಸಿಕೊಂಡೇ ಬಂದಿದ್ದರು. ಕಟ್ಟಡದ ತುದಿಯ ದೃಶ್ಯ ಹಾಕಿ, ‘ಇಲ್ಲಿ ಇವನು ಮಾತಾಡೋದೇ ಇಲ್ಲವಲ್ಲ, ಈ ತಂಗಿ ಯಾರು?’ ಅಂದರು. ನಾನು ಎದ್ದು ನಿಂತೆ. ಕೆಲಸ ಹೋಯಿತು ಅಂದುಕೊಂಡೆ. ಅವರು ನನ್ನನ್ನು ನೋಡಿದರು, ಪರದೆ ನೋಡಿದರು, ಆಮೇಲೆ ನಗುವುದಕ್ಕೆ ಶುರುಮಾಡಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸಿಕ್ಕಿತು ಕಾರಣ ಅಂದರು. ಮೂರನೆಯದರಲ್ಲಿ ಇನ್ನೂ ಮಾತು ತುಂಬಿರಿ, ಆದರೆ ದನಿ ಮಾತ್ರ ಇದೇ ಇರಬೇಕು ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೆಲಸ ಉಳಿದ ಸಂತೋಷಕ್ಕೆ ಅಳಬೇಕೋ, ಆ ದನಿ ಆಸ್ಪತ್ರೆಯ ಹಾಸಿಗೆಯಲ್ಲಿದೆ ಎಂದು ಅಳಬೇಕೋ ತಿಳಿಯಲಿಲ್ಲ.

ಅವರು ಹೋದ ಮೇಲೆ ಸ್ಟುಡಿಯೋದ ಯಜಮಾನರು ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಅವರು ಕೆಟ್ಟವರಲ್ಲ, ನಿನಗೇ ಗೊತ್ತು, ನೀನು ಕೆಮ್ಮಿದಾಗಲೆಲ್ಲ ಜೇಬಿನಿಂದ ಲವಂಗ ತೆಗೆದು ಕೊಟ್ಟವರೇ. ಆದರೆ ಈ ಕೋಣೆ, ಈ ಮೈಕು, ಗುಂಡಿಯಣ್ಣನ ಸಂಬಳ ಎಲ್ಲವೂ ಮುಸುಕಪ್ಪನ ಹೆಗಲ ಮೇಲೆಯೇ ನಿಂತಿದೆ. ‘ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕೋಕೆ ಆಗುತ್ತಾ ಅಂತ ಅಣ್ಣನಿಗೆ ಒಂದು ಮಾತು ಬರೀರಿ. ಆಗಲ್ಲ ಅಂದ್ರೆ ಅವನ ಥರವೇ ಮಾತಾಡೋ ಒಬ್ಬ ಹುಡುಗ ಇದ್ದಾನೆ, ಅವನನ್ನ ಕರೆಸೋಣ’ ಅಂದರು. ನಾನು ಹುಡುಗನ ದನಿ ಕೇಳಿದೆ ಅಣ್ಣಾ. ಸುಳ್ಳು ಯಾಕೆ ಹೇಳಲಿ, ನಿನ್ನ ಹಾಗೇ ಇದೆ. ಎಲ್ಲ ಇದೆ, ಮಾತಿಗೆ ಮುಂಚೆ ನೀನು ಎಳೆದುಕೊಳ್ಳುವ ಉಸಿರೂ ಇದೆ. ಅವನನ್ನು ಕರೆಸಿದರೆ ನೀನು ಆಸ್ಪತ್ರೆಯಿಂದ ಎದ್ದು ಓಡಿ ಬರುತ್ತೀಯ. ಕರೆಸದಿದ್ದರೂ, ಕೆಲಸ ಕಾದಿದೆ ಎಂದು ಓಡಿ ಬರುತ್ತೀಯ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ ನನಗೆ.

ಯಜಮಾನರಿಗೆ ಬರೆಯುತ್ತೇನೆ ಅಂದೆ. ಇದೋ ಬರೆದಿದ್ದೇನೆ, ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ನನ್ನ ಮಾತು ಏನು ಅಂತ ಕೇಳುತ್ತೀಯಾ? ಬೆಳಿಗ್ಗೆಯಿಂದ ಮೂರನೆಯ ಸಿನಿಮಾದ ಹಾಳೆಗಳನ್ನು ಮುಂದೆ ಹರಡಿಕೊಂಡು ಕೂತಿದ್ದೇನೆ. ಎಲ್ಲೆಲ್ಲಿ ಮುಸುಕಪ್ಪ ಸುಮ್ಮನೆ ನಿಲ್ಲುತ್ತಾನೋ ಅಲ್ಲಿಗೆಲ್ಲ ನೀನು ಹೇಳಬೇಕಾದ ಮಾತು ತಾನಾಗಿ ಬರುತ್ತದೆ, ನನ್ನ ಕಿವಿಯಲ್ಲೇ ಹೇಳುತ್ತೀಯ. ಬರೆಯುತ್ತೇನೆ, ಹೊಡೆದು ಹಾಕುತ್ತೇನೆ. ಮುಸುಕಪ್ಪನ ಪಕ್ಕದ ಮನೆಯ ಮುದುಕಿ ಈ ಸಿನಿಮಾದಲ್ಲೂ ಇದ್ದಾಳೆ, ಅದೇ ಬಾಲ್ಕನಿಯಲ್ಲಿ ನಮಗೆ ಬೆನ್ನು ಹಾಕಿ ಗಿಡಗಳಿಗೆ ನೀರು ಹಾಕುವವಳು. ಅವಳೂ ಸುಮ್ಮನೆ, ಅವನೂ ಸುಮ್ಮನೆ. ಮನೆಯಲ್ಲೂ ಹಾಗೇ ಆಗಿದೆ. ನೀನಿಲ್ಲದೆ ಬೀಗದ ಕೈ ಇಟ್ಟ ಸದ್ದೂ ದೊಡ್ಡದಾಗಿ ಕೇಳುತ್ತದೆ. ಅಣ್ಣಾ, ನನಗೆ ತುಂಬ ಭಯವಾಗುತ್ತಿದೆ.

ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿದುಕೋ. ಅತ್ತಿಗೆಗೆ ನನ್ನ ನೆನಪು ಹೇಳಬೇಡ, ಬರೆದು ತೋರಿಸು. ಕಾಗದವನ್ನು ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಕೊರಿಯರಿಗೆ ಕೊಡುತ್ತೇನೆ.

ನಿನ್ನ ಮಾತಿನಮಲ್ಲಿ ತಂಗಿ

ತಾ.ಕ. ಕೊರಿಯರಿನವನು ಬಾಗಿಲು ಎಳೆಯುವ ಮುಂಚೆ ಅವನ ಮೇಜಿನ ಮೇಲೇ ಇಟ್ಟುಕೊಂಡು ಗೀಚುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ. ದಾರಿಯಲ್ಲಿ ಕೊಡಲಿಲ್ಲ. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಸ್ಟುಡಿಯೋಗೆ ಹೋದೆ. ಮೂರನೆಯ ಸಿನಿಮಾದಲ್ಲಿ ಮುಸುಕಪ್ಪ ಒಂದು ಮಾತೂ ಆಡುವುದಿಲ್ಲ. ಮೂಲದಲ್ಲಿ ಅವನಿಗಿದ್ದ ನಾಲ್ಕು ಮಾತನ್ನೂ ಆ ಬೆನ್ನು ಹಾಕಿದ ಮುದುಕಿಗೆ ಕೊಟ್ಟಿದ್ದೇನೆ, ಅವಳ ತುಟಿಯೂ ಕಾಣುವುದಿಲ್ಲವಲ್ಲ. ಆ ಮುದುಕಿ ನಮ್ಮ ಅಮ್ಮ. ಮೈಕಿನ ಮುಂದೆ ನಿಂತು, ‘ಇವನಿಗೆ ಗಂಟಲು ಸರಿಯಿಲ್ಲ. ಡಾಕ್ಟರು ಬಾಯಿ ಬಿಡಬೇಡ ಅಂದಿದ್ದಾರೆ. ಯಾರೂ ಮಾತಾಡಿಸಬೇಡಿ’ ಅಂತ ನಾನು ಬರೆದುಕೊಟ್ಟಷ್ಟನ್ನೂ ಒಂದೇ ಸಲಕ್ಕೆ ಹೇಳಿದಳು. ಆಮೇಲೆ ನಾನು ಬರೆಯದೇ ಇದ್ದದ್ದು ಒಂದು ಹೇಳಿದಳು: ‘ಯಾವ ದನಿ ತಗೊಂಡು ಬಂದ್ರೂ ಪರವಾಗಿಲ್ಲ, ಬರಲಿ.’ ಗುಂಡಿಯಣ್ಣ ಅದನ್ನು ಕತ್ತರಿಸಲಿಲ್ಲ. ಯಜಮಾನರು ಗಾಜಿನ ಆಚೆ ನಿಂತು ಎಲ್ಲ ಕೇಳಿಸಿಕೊಂಡರು, ಹುಡುಗನಿಗೆ ಫೋನು ಮಾಡಿ ಬರಬೇಡ ಅಂದರು. ನಕ್ಷೆಯಲ್ಲಿ ನಾವು ಈ ಸಲ ಬೂದಿಯಾದರೆ ಆಗಲಿ, ಯಾಕೆಂದು ನಕ್ಷೆರಾಯರು ಇನ್ನೊಂದು ಸಲ ಬಂದು ಹುಡುಕಲಿ. ನಿನ್ನ ಮುಸುಕಿನೊಳಗೆ ಯಾರೂ ಕೂತಿಲ್ಲ ಅಣ್ಣಾ, ಅದು ಖಾಲಿಯೇ ಇದೆ. ಈಗ ಇಲ್ಲಿ ನಿನಗೆ ಕೆಲಸವಿಲ್ಲ. ಅತ್ತಿಗೆ ಪಕ್ಕದಲ್ಲೇ ಪೆನ್ನು ಹಿಡಿದುಕೊಂಡು ನಿಂತಿರುತ್ತಾರೆ, ಇಸಿದುಕೊಂಡು ಸಹಿ ಹಾಕು.