ಅಕ್ಕನ ತೊಟ್ಟಿಯ ನೀರು

ನವೆಂಬರ್ 6, ಗುರುವಾರ

ಕೋಪ ಇನ್ನೂ ಇಳಿದಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅಕ್ಕನ ಬೆರಳುಗಳ ಚರ್ಮ ಸುಲಿದು ವಾರವಾಯಿತು. "ಬರೀ ಸೋಪಿನ ನೀರು, ನಿನ್ನ ಕೈಯೇ ನಾಜೂಕು" ಎಂದು ಮ್ಯಾನೇಜರ್ ಅವಳನ್ನೇ ದೂರಿದ್ದನಂತೆ.

ಇವತ್ತು ನಾನು ಪಾಠ ಹೇಳುವ ಶಾಲೆಯ ಪ್ರಯೋಗಾಲಯದಿಂದ ಪಿಎಚ್ ಕಾಗದ ತೆಗೆದುಕೊಂಡು ಆ ಹೋಟೆಲಿಗೇ ಹೋದೆ. ಮ್ಯಾನೇಜರನ ಕಣ್ಣೆದುರೇ ಅದ್ದಿದೆ. ನಿಂಬೆರಸಕ್ಕೆ ಎರಡು, ಆಮ್ಲ. ನಲ್ಲಿ ನೀರಿಗೆ ಏಳು, ತಟಸ್ಥ. ಕೈ ತೊಳೆಯುವ ಸೋಪಿಗೆ ಒಂಬತ್ತು, ಸೌಮ್ಯ ಪ್ರತ್ಯಾಮ್ಲ. ಅಕ್ಕನ ತೊಟ್ಟಿಯಲ್ಲಿ ಕಾಗದ ಕಡುನೇರಳೆಯಾಯಿತು: ಹದಿಮೂರು, ಚರ್ಮ ಸುಡುವಷ್ಟು ಪ್ರಬಲ ಪ್ರತ್ಯಾಮ್ಲ! ಒಲೆಯ ಜಿಡ್ಡು ಕರಗಿಸುವ ದ್ರಾವಣವನ್ನೇ ಸೋಪಿನ ಬದಲು ಸುರಿಯುತ್ತಿದ್ದರಂತೆ.

"ನಿಮ್ಮ ಕಾಗದ ಹಳೇದಿರಬೇಕು ಬಿಡಿ ಮೇಡಂ" ಎಂದ.

"ಹಾಗಾದ್ರೆ ನೀವೇ ಕೈ ಅದ್ದಿ. ನಿಮ್ದೇನು ನಾಜೂಕು ಕೈ ಅಲ್ವಲ್ಲ."

ಅಡುಗೆಯವರೆಲ್ಲ ತಿರುಗಿ ನೋಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ತೊಟ್ಟಿ ಬರಿದು ಮಾಡಿಸಿ, ಕೈಗವಸು ತರಿಸಿದ. ಒಂದು ಜೊತೆ ಕೈಗವಸು! ಅಷ್ಟು ಸುಲಭವಿತ್ತು.

ಮನೆಗೆ ಬರುವಾಗ ಅಕ್ಕ ಮೆಲ್ಲಗೆ ಹೇಳಿದಳು: "ನಾನೂ ನನ್ನ ಕೈಯದೇ ತಪ್ಪು ಅಂದ್ಕೊಂಡಿದ್ದೆ ಕಣೇ."

ಕೈ ಸುಟ್ಟಿದ್ದನ್ನಾದರೂ ಮರೆತೇನು. ಅವಳ ಬಾಯಲ್ಲಿ ಈ ಮಾತು ಬರುವಂತೆ ಮಾಡಿದ್ದನ್ನು ಮಾತ್ರ ಮರೆಯಲಾರೆ.