ಮರೆಯದೆ ಆರಿಸಿ

ಬುಧವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಅಣ್ಣನಿಗೆ,

ನೀನೇ ಹೆಸರಿಟ್ಟ ಭಾಷಣಮ್ಮನ ನಮಸ್ಕಾರ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿದ ತಕ್ಷಣ ಹರಿದು ಹಾಕಬೇಡ. ಇದರಲ್ಲಿ ಘೋಷಣೆಗಳಿಲ್ಲ. ಒಂದೆರಡು ಇದ್ದರೆ ಅದು ಅಭ್ಯಾಸದ ದೋಷ.

ರೂಟರಿನ ಕರೆಂಟು ಯಾಕೆ ಹೋಗುತ್ತಿತ್ತು ಅಂತ ಗೊತ್ತಾಯಿತು. ಮೊದಲಿನಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಲು ನೀನು ಇಲ್ಲಿಲ್ಲವಲ್ಲ.

ನಮ್ಮ ಪ್ರತಿನಿಧಿಯನ್ನು ನಾವೇ ಚುನಾಯಿಸೋಣ ಅಂತ ಪ್ಯಾಕಿಂಗ್‌ನವರನ್ನು ಸೇರಿಸಿದ್ದಕ್ಕೆ ಗೋದಾಮಿನವರು ಏನೋ ಸುಳ್ಳು ಆರೋಪ ಹೊರಿಸಿ ನನ್ನನ್ನು ಕೆಲಸದಿಂದ ತೆಗೆದರು. ನೀನು ಅಲ್ಲೇ ಸೂಪರ್‌ವೈಸರ್ ಆಗಿ ಉಳಿದೆ. ಕೆಲಸ ವಾಪಸು ಕೊಡಿಸಿ ಅಂತ ನಾನು ಹಾಕಿದ ಅರ್ಜಿಯ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಕಾರ್ಮಿಕ ಅಧಿಕಾರಿ ಹೆಸರು ಕರೆದು, ನಾನು 'ಇದ್ದೀನಿ ಸಾರ್' ಅನ್ನುವಷ್ಟರಲ್ಲಿ ರೂಟರಿನ ದೀಪಗಳೆಲ್ಲ ಒಟ್ಟಿಗೆ ಹೋದವು. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ತಾರಸಿಯ ಮೇಲೆ ಮಾತ್ರ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಗೈರುಹಾಜರಿ ಅಂತ ಬರೆದುಕೊಂಡಾಗಿತ್ತು.

ರಾತ್ರಿಪಾಳಿ ಮುಗಿಸಿ ಮಲಗಿದ್ದ ನೀನು ಕಣ್ಣುಜ್ಜಿಕೊಂಡು ಬಂದೆ. ಬಾಗಿಲ ಹಿಂದಿನ ಬೋರ್ಡಿನಲ್ಲಿ ಸ್ವಿಚ್ಚನ್ನು ಟಕಟಕ ಎಂದು ಎರಡು ಮೂರು ಸಲ ಒತ್ತಿದೆ, ಅಡಾಪ್ಟರ್ ಕಿತ್ತು ಪಿನ್ನಿಗೆ ಟೇಪು ಸುತ್ತಿ ಮತ್ತೆ ಸಿಕ್ಕಿಸಿದೆ. ದೀಪ ಬಂತು. 'ಪಿನ್ನು ಲೂಸು, ನಿನ್ನ ತಲೆ ಥರ' ಅಂದೆ. ಆ ವಾರ ಮತ್ತೆ ಮತ್ತೆ ಹೋಯಿತು. ಪ್ರತಿಸಲವೂ ನೀನು ಹಾಗೇ ಸ್ವಿಚ್ಚು ಒತ್ತಿ, ಟೇಪು ಸುತ್ತಿ ಸರಿಮಾಡಿದೆ. ಕೊನೆಗೆ ಹೊಸ ಅಡಾಪ್ಟರನ್ನೇ ತಂದೆ. ನೀನು ಒತ್ತುವ ಮೊದಲು ಆ ಸ್ವಿಚ್ಚು ಆನ್ ಇತ್ತೋ ಆಫ್ ಇತ್ತೋ, ಇಬ್ಬರೂ ನೋಡಲಿಲ್ಲ.

ಎರಡನೇ ವಿಚಾರಣೆಯಲ್ಲೂ ಅದೇ ಆಯಿತು. ಆಗ ನಾನೇ ಬಾಗಿಲ ಹಿಂದೆ ನೋಡಿದೆ. ಸ್ವಿಚ್ಚು ಆಫ್ ಆಗಿತ್ತು. ಪಿನ್ನಲ್ಲ, ಅಡಾಪ್ಟರಲ್ಲ, ಯಾರದೋ ಕೈ. ಮನೆಯಲ್ಲಿರುವುದು ನಾವು ಮೂವರು. ಅಜ್ಜಿಯನ್ನು ಕೇಳಿದೆ. 'ನಿನ್ನ ಆ ಮಿಣಮಿಣ ಡಬ್ಬಿ ಹತ್ರ ನಾನ್ಯಾಕೆ ಹೋಗ್ಲಿ ಮಾರಾಯ್ತಿ' ಅಂದಳು. ಉಳಿದವನು ನೀನು, ಕಂಪನಿಯ ಶರ್ಟು ಹಾಕಿಕೊಂಡವನು. ಆಮೇಲೆ ನಾನು ಆಡಿದ್ದೆಲ್ಲ ನಿನಗೆ ನೆನಪಿದೆ. 'ಮಲಗಿದ್ದೆ ಕಣೇ, ಅಜ್ಜಿ ಮೇಲಾಣೆ' ಅಂದೆ ನೀನು. 'ಮಾಲೀಕರ ಪರವಾಗಿ ಇನ್ನೂ ಎಷ್ಟು ಹೊತ್ತು ಮಲಗಿರ್ತೀಯ' ಅಂದೆ ನಾನು. ಅಣ್ಣನೇ ಕಂಪನಿಯ ಕುಮ್ಮಕ್ಕಿನಿಂದ ಕರೆಂಟು ತೆಗೆದಿದ್ದಾನೆ ಅಂತ ಅಧಿಕಾರಿಗೆ ಬರೆದು ಕಳಿಸಿದ್ದನ್ನೂ ನಿನ್ನ ಮುಖಕ್ಕೇ ಹೇಳಿದೆ. ನೀನು ಚೀಲ ಎತ್ತಿಕೊಂಡು ಗೆಳೆಯನ ರೂಮಿಗೆ ಹೋದೆ. ಆ ಹೇಳಿಕೆಯಿಂದಲೇ ಅಧಿಕಾರಿ ನನ್ನ ಗೈರನ್ನು ಮನ್ನಿಸಿ, ಇನ್ನೊಂದು ದಿನ ಕೊಟ್ಟರು.

ಈ ಭಾನುವಾರ ನಾನು ಅಡುಗೆಮನೆಯಲ್ಲಿದ್ದೆ. ಅಜ್ಜಿ ಬಾಗಿಲ ಹಿಂದೆ ನಿಂತು, ಗೋಡೆಯ ಮೇಲೆ ಬೆರಳಿಟ್ಟು ಓದುತ್ತಿದ್ದಳು: 'ಮ... ರೆ... ಯ... ದೆ... ಆ... ರಿ... ಸಿ.' ಆಮೇಲೆ ಟಕ್ ಅಂತ ಸ್ವಿಚ್ಚಿನ ಸದ್ದು.

ಸ್ವಿಚ್ ಬೋರ್ಡಿನ ಮೇಲೆ ಸುಣ್ಣ ಉದುರಿದ ಜಾಗಕ್ಕೆ ನಾನೇ ಅಂಟಿಸಿದ ಚುನಾವಣೆಯ ಪೋಸ್ಟರು ಅದು. 'ನಿಮ್ಮ ಪ್ರತಿನಿಧಿಯನ್ನು' ಅನ್ನುವುದು ಸಣ್ಣಕ್ಷರದಲ್ಲಿದೆ, ಅವಳ ಕಣ್ಣಿಗೆ ಅದು ಇರುವೆ ಸಾಲು. 'ಮರೆಯದೆ ಆರಿಸಿ' ಮಾತ್ರ ಅಂಗೈಯಗಲ. ಕೆಳಗೆ ಬೋರ್ಡಿನಲ್ಲಿ, ಸ್ವಿಚ್ಚು ಆನ್ ಇದ್ದಾಗ ಉರಿಯುವ ಆ ಪುಟ್ಟ ಕೆಂಪು ದೀಪ. ಕೇಳಿದರೆ ನನಗೇ ಗದರಿದಳು: 'ಹಗಲು ಹೊತ್ತಲ್ಲಿ ದೀಪ ಉರೀತಿದ್ರೆ ಆರಿಸ್ದೆ ಪೂಜೆ ಮಾಡ್ಲಾ? ಇಷ್ಟು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೋಳು ನೀನೇ ತಾನೇ? ಓದೋಕೆ ಕಲಿಸಿದೋಳೂ ನೀನೇ!'

ನಕ್ಕುಬಿಟ್ಟೆ ಅಣ್ಣ. ನಗುತ್ತಲೇ ನೆಲದ ಮೇಲೆ ಕುಸಿದು ಕೂತೆ. ಅಜ್ಜಿ ನೀರು ತಂದು ಕೊಟ್ಟಳು. ನೀನು ಯಾಕೆ ಮನೆ ಬಿಟ್ಟೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ.

ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿಗೆ ಹೇಳಿದೆ. 'ಸುಮ್ಮನಿರು ತಂಗಿ, ಆ ಹೇಳಿಕೆ ಮೇಲೇ ಕೇಸು ನಿಂತಿದೆ. ಒಬ್ಬ ಸೂಪರ್‌ವೈಸರ್ ಹೆಸರು ಕೆಟ್ಟರೆ ನಮಗೇನು ಹೋಗುತ್ತೆ' ಅಂದರು. ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ. ಕಂಪನಿ ನನ್ನ ಮೇಲೆ ಸುಳ್ಳು ಆರೋಪ ಹೊರಿಸಿ ತೆಗೆಯಿತು ಅಂತ ತಾನೇ ನನ್ನ ಕೂಗು? ನಾನೂ ಸುಳ್ಳು ಹೊರಿಸಿ ಒಳಗೆ ಹೋದರೆ, ಅವರಿಗೂ ನನಗೂ ಇರುವ ವ್ಯತ್ಯಾಸ ಶರ್ಟಿನದು ಮಾತ್ರ. ಹೇಳಿಕೆಯನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿದ್ದೇನೆ.

ಹಾಗಂತ ನಿನ್ನ ಜೊತೆ ರಾಜಿಯಾದೆ ಅಂದುಕೊಳ್ಳಬೇಡ. ನನ್ನನ್ನು ಗೇಟಿನಿಂದ ಆಚೆ ಕಳಿಸಿದ ದಿನ ನೀನು ಕೈಯಲ್ಲಿದ್ದ ಕಾಗದ ನೋಡುತ್ತಾ ನಿಂತಿದ್ದೆಯಲ್ಲ, ಆ ಜಗಳ ಹಾಗೇ ಇದೆ. ಅದು ನೀನು ಮಾಡಿದ್ದು, ಅದಕ್ಕೆ ಬೈಯುತ್ತೇನೆ. ಮಾಡದ್ದಕ್ಕೆ ಬೈದದ್ದು ತಪ್ಪು. ಕ್ಷಮಿಸು.

ನಿನ್ನ ತಂಗಿ,
ಭಾಷಣಮ್ಮ

ತಾ.ಕ.: 'ತೀರ್ಮಾನಿಸಿದ್ದೇನೆ' ಅಂತ ಬರೆದದ್ದು ಪೂರ್ತಿ ನಿಜವಲ್ಲ. ವಿಚಾರಣೆ ನಿನ್ನೆಯೇ ಮುಗಿಯಿತು. ಸ್ವಿಚ್ಚು ಆರಿಸಿದ್ದು ಅಜ್ಜಿ ಅಂತ ಹೇಳಿ ನಿನ್ನ ಹೆಸರು ತೆಗೆಸಿದೆ. 'ಹಾಗಾದ್ರೆ ಎರಡು ಸಲ ಗೈರಾಗಿದ್ದಕ್ಕೆ ನಿಮ್ಮ ಮನೆಯವರೇ ಕಾರಣ ಅಂತಾಯ್ತಲ್ಲಮ್ಮ' ಅಂದ ಅಧಿಕಾರಿ ಅರ್ಜಿಯನ್ನು ವಜಾ ಮಾಡಿದರು. ಅಯ್ಯೋ ಪಾಪ ಅಂತ ನೀನು ಮನೆಗೆ ಬರಬಾರದು, ಅದಕ್ಕೇ ಮೇಲೆ ಬರೆಯಲಿಲ್ಲ. ನಾಳೆಯಿಂದ ಗೋದಾಮಿನ ಗೇಟಿನ ಹೊರಗೆ ನಿಂತು ಕರಪತ್ರ ಹಂಚುತ್ತೇನೆ. ನೀನು ಪಾಳಿಗೆ ಬಂದಾಗ ನಿನಗೂ ಕೈ ಚಾಚುತ್ತೇನೆ. ತಗೋ, ಇಲ್ಲವೇ ಎಲ್ಲರ ಮುಂದೆ ನಾಲ್ಕು ಬೈದು ಹೋಗು. ತಲೆ ತಗ್ಗಿಸಿಕೊಂಡು ಸುಮ್ಮನೆ ಮಾತ್ರ ದಾಟಿ ಹೋಗಬೇಡ.