ಅವನ ಟೋಪಿ, ನನ್ನ ತೋಳು

೧೯ ಆಗಸ್ಟ್ ೨೦೦೧, ಭಾನುವಾರ

ಬನಶಂಕರಿಯ ಆ ಚೂಡಾಮಣಿಯ ದನಿ ಇನ್ನೂ ಕಿವಿಯಿಂದ ಹೋಗಿಲ್ಲ. ಹೆಣ್ಣು ನೋಡಲು ಮಗನನ್ನು ಕರೆತಂದಿದ್ದಳು. ಮಹಾಶಯ ಮನೆಯೊಳಗೆ ಬಂದು ಕೂತರೂ ಟೋಪಿ ತೆಗೆಯಲಿಲ್ಲ. "ಅವನಿಗೆ ಅಲೋಪೇಷಿಯಾ. ಸ್ವಲ್ಪ ಸ್ಟ್ರೆಸ್, ಅಷ್ಟೆ," ಎಂದಳು, ಮಗನಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸದಲ್ಲಿ ಅಮೆರಿಕದ ಡಾಕ್ಟರುಗಳ ಮಾತು ಕೇಳಿ ಕೇಳಿ ದಿನವಿಡೀ ಟೈಪು ಮಾಡುವ ನನಗೆ ಗೊತ್ತಿಲ್ಲವೇ? ಕೂದಲು ಉದುರಿದೆ, ಇನ್ನೇನೂ ಇಲ್ಲ.

ಕಾಫಿ ಕೊಡಲು ಕೈ ಚಾಚಿದಾಗ ನನ್ನ ಮೊಣಕೈಯ ಬಿಳಿ ಮಚ್ಚೆ ಅವಳಿಗೆ ಕಂಡಿತು. ಲೋಟಕ್ಕೆ ಬಂದ ಕೈ ಹಾಗೇ ಹಿಂದಕ್ಕೆ ಹೋಯಿತು.

"ಅಯ್ಯೋ, ತೊನ್ನಾ?"

"ವಿಟಿಲಿಗೊ ಅಂತಾರೆ ಆಂಟಿ. ಅಂಟೋದಲ್ಲ."

"ಇಂಗ್ಲಿಷಲ್ಲಿ ಹೇಳ್ಬಿಟ್ರೆ ತೊನ್ನು ಹೋಗತ್ತೇನಮ್ಮಾ?"

ಮಗನ ಬೋಳು ತಲೆಗೆ ಮಾತ್ರ ಇಂಗ್ಲಿಷ್ ಹೆಸರು ಬೇಕು. ಥೂ, ಎಂಥ ಜನ!

ಅವರು ಹೋದ ಮೇಲೆ ಅಮ್ಮ ಬೈದದ್ದೂ ನನಗೇ. "ಉದ್ದ ತೋಳಿನ ರವಿಕೆ ಹಾಕ್ಕೋ ಅಂತ ಬಡ್ಕೊಂಡೆ, ಕೇಳಿದ್ಯಾ?" ಆ ಟೋಪಿಯ ಬಗ್ಗೆ ಅಮ್ಮನ ಬಾಯಿಂದ ಒಂದು ಮಾತೂ ಬರಲಿಲ್ಲ.

ನಾಳೆ ಜಯನಗರದ ಟೈಲರ್ ಹತ್ತಿರ ಹೋಗಿ, ತೋಳೇ ಇಲ್ಲದ ರವಿಕೆಗೆ ಅಳತೆ ಕೊಟ್ಟು ಬರುತ್ತೇನೆ.